ಕೋಟೆಗಿಂತ ಮೊದಲು ದಾರಿ ನೋಡಿ

ಟುರಿನ್‌ನಲ್ಲಿ ನೆಲೆಸಿದ ಮೇಲೆ ಇಟಲಿಗೆ ಬರುವ ನಮ್ಮವರು ನನಗೆ ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಆವೋಸ್ತಾ ಕಣಿವೆಯಲ್ಲಿ ಒಂದೇ ದಿನಕ್ಕೆ ಎಷ್ಟು ಕೋಟೆ ನೋಡಬಹುದು?" ಟುರಿನ್‌ನ ಉತ್ತರಕ್ಕೆ, ಆಲ್ಪ್ಸ್ ಬೆಟ್ಟಗಳ ನಡುವೆ ಇರುವ, ಕೋಟೆಗಳಿಗೆ ಹೆಸರಾದ ಕಣಿವೆ ಅದು. ಐದಾರು ನೋಡಿ ಬಂದವರೂ ಇದ್ದಾರೆ. ಆಮೇಲೆ ಫೋಟೋ ತೋರಿಸುವಾಗ ಯಾವುದು ಯಾವ ಕೋಟೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಬೇಜಾರಾಗುತ್ತದೆ. ಅಷ್ಟು ದೂರದಿಂದ ಬಂದು, ಅಷ್ಟು ದುಡ್ಡು ಕೊಟ್ಟು, ಕೊನೆಗೆ ಬರೀ ಗೋಡೆ ನೋಡಿಕೊಂಡು ಹೋಗುವುದು ಅಂದರೆ!

ನಾನು ಹೇಳುವುದು ಇಷ್ಟೇ. ದಿನಕ್ಕೆ ಎರಡು ಕೋಟೆ ಸಾಕು. ಅದಕ್ಕೂ ಮೊದಲು ಒಂದು ದಾರಿ ನೋಡಿ. ದೊನ್ನಾಸ್ ಎಂಬ ಊರಿನ ರೋಮನ್ ದಾರಿ.

ಹೋದ ವರ್ಷ ಅವ್ವ ಗದಗಿನಿಂದ ಬಂದಿದ್ದಾಗ ಅವಳನ್ನು ಮೊದಲು ಕರೆದುಕೊಂಡು ಹೋಗಿದ್ದು ಅಲ್ಲಿಗೇ. ದೋರಾ ಬಾಲ್ತೆಯಾ ನದಿಯ ಪಕ್ಕ ಬೆಟ್ಟದ ಬುಡವನ್ನೇ ಕೊರೆದು ಮಾಡಿದ ದಾರಿ. ಈಗ ಉಳಿದಿರುವುದು 221 ಮೀಟರ್ ಮಾತ್ರ. ನಡುವೆ ಬಂಡೆಯನ್ನು ಪೂರ್ತಿ ಕಡಿದುಹಾಕದೆ, ಕಮಾನಿನ ಹಾಗೆ ಬಿಟ್ಟಿದ್ದಾರೆ. ಅದರ ಕೆಳಗೇ ಹಾದು ಹೋಗಬೇಕು. ಪಕ್ಕದಲ್ಲೇ ಬಂಡೆಯಲ್ಲಿ ಕೆತ್ತಿದ ಮೈಲಿಗಲ್ಲು. ಆವೋಸ್ತಾ ಪಟ್ಟಣದಿಂದ 36 ರೋಮನ್ ಮೈಲಿ ಅಂತ ಅದರ ಲೆಕ್ಕ. ಆ ಪಟ್ಟಣ ಕಟ್ಟಿದ್ದು ಕ್ರಿ.ಪೂ. 25ರಲ್ಲಿ, ಅಗಸ್ಟಸ್ ಕಾಲದಲ್ಲಿ.

ಅವ್ವ ಕಮಾನಿನ ಕಡೆ ತಲೆ ಎತ್ತಲೇ ಇಲ್ಲ. ನೆಲ ನೋಡುತ್ತಾ ನಿಂತಳು. ಕಲ್ಲಿನಲ್ಲಿ ಉದ್ದಕ್ಕೂ ಎರಡು ಕೊರಕಲು. ಬಗ್ಗಿ ಅದರೊಳಗೆ ಕೈ ಇಟ್ಟಳು.

"ಇದು ಚಕ್ಕಡಿ ಜಾಡಲ್ಲೇನೋ?"

"ಹೌದವ್ವ, ಬಂಡಿದು."

"ಕಲ್ಲು ಹಿಂಗ ಸವಿಬೇಕಂದ್ರ ಎಷ್ಟು ಬಂಡಿ ಅಡ್ಡಾಡಿರಬೇಕು!"

ಮುಂದೆ ಎರಡು ದಿನ ನಾವು ನೋಡಿದ್ದಕ್ಕೆಲ್ಲ ಈ ಮಾತೇ ಬೀಗದ ಕೈ ಆಯಿತು. ಈ ಕಣಿವೆಯ ತುದಿಯಲ್ಲಿ ಆಲ್ಪ್ಸ್ ದಾಟಲು ಎರಡು ಕಣಿವೆದಾರಿಗಳಿವೆ. ದೊಡ್ಡ ಸೇಂಟ್ ಬರ್ನಾರ್ಡ್ ಮತ್ತು ಚಿಕ್ಕ ಸೇಂಟ್ ಬರ್ನಾರ್ಡ್. ದೊಡ್ಡದರ ಎತ್ತರ 2,469 ಮೀಟರ್. ಅವುಗಳನ್ನು ದಾಟಿ ಬಂದ ವ್ಯಾಪಾರಿ, ಯಾತ್ರಿಕ, ಸೈನಿಕ ಎಲ್ಲರೂ ಈ ನದಿಯ ದಂಡೆ ಹಿಡಿದೇ ಇಳಿಯಬೇಕಿತ್ತು. ಎರಡೂ ಕಡೆ ಬೆಟ್ಟ, ಬೇರೆ ದಾರಿ ಇಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ 990ರಲ್ಲಿ ರೋಮ್‌ನಿಂದ ಇಂಗ್ಲೆಂಡಿಗೆ ವಾಪಸ್ ಹೊರಟಾಗ ಹತ್ತಿದ್ದೂ ಇದೇ ಕಣಿವೆಯನ್ನು. ದಾರಿ ಯಾರ ಕೈಯಲ್ಲಿದೆಯೋ ಸುಂಕವೂ ಅವರದೇ. ಕಣಿವೆ ಎಲ್ಲಿ ಕಿರಿದಾಗುತ್ತದೋ ಅಲ್ಲೊಂದು ಕೋಟೆ ಎದ್ದದ್ದು ಇದಕ್ಕೇ. ಚಂದ ಕಾಣಲಿ ಅಂತ ಯಾರೂ ಗುಡ್ಡದ ಮೇಲೆ ಕಲ್ಲು ಹೊರುವುದಿಲ್ಲ, ಅಲ್ವಾ?

ದೊನ್ನಾಸ್‌ನಿಂದ ಸ್ವಲ್ಪ ಮೇಲೆ ನಡೆದರೆ ಬಾರ್ಡ್. ಇಲ್ಲಿ ಕಣಿವೆ ಎಷ್ಟು ಇಕ್ಕಟ್ಟು ಅಂದರೆ, ಒಂದು ಬಂಡೆಗುಡ್ಡ, ಅದರ ಮಗ್ಗುಲಲ್ಲಿ ನದಿ, ಕಾಲಡಿಯಲ್ಲಿ ಒಂದೇ ಓಣಿಯ ಊರು. ಅಷ್ಟೇ. 1034ರ ದಾಖಲೆಯಲ್ಲೇ ಇದನ್ನು ಗೆಲ್ಲಲಾಗದ ಜಾಗ ಅಂದಿದ್ದಾರೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಸುಮಾರು 40,000 ಜನರ ಸೈನ್ಯದೊಂದಿಗೆ ದೊಡ್ಡ ಸೇಂಟ್ ಬರ್ನಾರ್ಡ್ ದಾಟಿ ಬಂದ. ಬಾರ್ಡ್‌ನಲ್ಲಿದ್ದವರು ಸುಮಾರು 400 ಆಸ್ಟ್ರಿಯನ್ ಸೈನಿಕರು. ಅವರು ಹೆಚ್ಚುಕಡಿಮೆ ಎರಡು ವಾರ ಕೋಟೆ ಬಿಟ್ಟುಕೊಡಲಿಲ್ಲ. ಫಿರಂಗಿ ಸಾಗಿಸಲು ಫ್ರೆಂಚರು ರಾತ್ರಿ ಹೊತ್ತು ಆ ಒಂದೇ ಓಣಿಗೆ ಹುಲ್ಲು, ಸಗಣಿ ಹಾಸಿದರು. ಗಾಲಿಗಳಿಗೂ ಹುಲ್ಲು ಸುತ್ತಿದರು, ಸದ್ದಾಗಬಾರದು ಅಂತ.

ಅವ್ವನಿಗೆ ಈ ಕಥೆ ಹೇಳಿದ್ದು ಅದೇ ಓಣಿಯಲ್ಲಿ ನಿಂತು. ಮೇಲೆ ಕೋಟೆ, ಕೆಳಗೆ ನಾವು. ಗಾಲಿಯ ಕಬ್ಬಿಣದ ಹಳಿ ಕಲ್ಲಿನ ಮೇಲೆ ಎಂಥ ಸದ್ದು ಮಾಡುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೋಟೆ ಕೈಗೆ ಸಿಕ್ಕ ಮೇಲೆ ನೆಪೋಲಿಯನ್ ಅದನ್ನು ಕೆಡವಿಸಿದ. ಈಗ ನಿಂತಿರುವುದು 1830ರಿಂದ 1838ರವರೆಗೆ ಮತ್ತೆ ಕಟ್ಟಿದ್ದು. 2006ರಿಂದ ಅಲ್ಲಿ ಮ್ಯೂಸಿಯಂ ಇದೆ. ಮೇಲೆ ಹೋಗಲು ಗಾಜಿನ ಲಿಫ್ಟ್ ಇದೆ, ಮಂಡಿನೋವು ಇರುವವರೂ ಧೈರ್ಯವಾಗಿ ಹೋಗಬಹುದು.

ಮರುದಿನ ವೆರ್ರೆಸ್ ಮತ್ತು ಇಸ್ಸೋನ್ಯ. ದಿನಕ್ಕೆ ಎರಡು ಅಂದೆನಲ್ಲ, ಆ ಎರಡು ಇವೇ. ನದಿಯ ಆ ದಂಡೆಗೊಂದು, ಈ ದಂಡೆಗೊಂದು. ಎರಡೂ ಈ ಕಣಿವೆಯ ಪಾಳೆಯಗಾರರಾಗಿದ್ದ ಶಾಲಾಂ ಮನೆತನದ್ದೇ. ವೆರ್ರೆಸ್ ಕೋಟೆಯನ್ನು ಇಬ್ಲೆತೊ ದಿ ಶಾಲಾಂ 1390ರಲ್ಲಿ ಮುಗಿಸಿದ. ಗೋಪುರ ಇಲ್ಲ, ಅಲಂಕಾರ ಇಲ್ಲ. ಒಂದೊಂದು ಬದಿಯೂ ಸುಮಾರು 30 ಮೀಟರ್ ಇರುವ ಒಂದು ಕಲ್ಲಿನ ಡಬ್ಬಿ. ಒಳಗೆ ಅಂಗಳದ ಸುತ್ತ ಕಮಾನುಗಳ ಮೇಲೆ ಮೆಟ್ಟಿಲು ಏರುತ್ತಾ ಹೋಗುತ್ತದೆ. ಅಲ್ಲಿಂದ ಕೆಳಗೆ ನೋಡಿದರೆ ನದಿಯಾಚೆ ಇಸ್ಸೋನ್ಯ ಕಾಣುತ್ತದೆ. ಹೊರಗಿನಿಂದ ದೊಡ್ಡ ಮನೆಯ ಹಾಗಿದೆ, ಕೋಟೆ ಅಂತ ಅನ್ನಿಸುವುದೇ ಇಲ್ಲ.

ನನಗೆ ಇಡೀ ಕಣಿವೆಯಲ್ಲಿ ತುಂಬಾ ಇಷ್ಟದ ಜಾಗ ಇಸ್ಸೋನ್ಯ. 1500ರ ಆಸುಪಾಸಿನಲ್ಲಿ ಜೋರ್ಜೊ ದಿ ಶಾಲಾಂ ಎಂಬ ಪಾದ್ರಿ ಇದನ್ನು ಹೊಸದಾಗಿ ಕಟ್ಟಿಸಿದ. ಅಂಗಳದ ನಡುವೆ ಕಬ್ಬಿಣದ ದಾಳಿಂಬೆ ಗಿಡ. ಕೊಂಬೆಗಳಿಂದ ಕೆಳಗಿನ ಕಲ್ಲಿನ ತೊಟ್ಟಿಗೆ ನೀರು ಬೀಳುತ್ತದೆ. ಹತ್ತಿರ ಹೋಗಿ ನೋಡಿ. ಹಣ್ಣು ದಾಳಿಂಬೆಯದು, ಎಲೆ ಓಕ್ ಮರದ್ದು. ಟುರಿನ್‌ನ ವಾಲೆಂತಿನೊ ಪಾರ್ಕಿನಲ್ಲಿ 1884ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಮಧ್ಯಯುಗದ ಮಾದರಿ ಹಳ್ಳಿ ಇದೆ. ಅಲ್ಲಿ ಇದರ ನಕಲನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಎಲೆ ಬೇರೆ, ಹಣ್ಣು ಬೇರೆ ಅಂತ ಗೊತ್ತಾಗಿದ್ದು ಅಸಲಿಯ ಮುಂದೆ ನಿಂತಾಗಲೇ.

ಅಂಗಳದ ಪಕ್ಕದ ಜಗಲಿಯ ಗೋಡೆಗಳಲ್ಲಿ, ಕಮಾನಿನ ಕೆಳಗೆ, ಚಿತ್ರಗಳಿವೆ. ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಅಂಗಡಿಗಳದ್ದು! ದರ್ಜಿ ಬಟ್ಟೆ ಕತ್ತರಿಸುತ್ತಿದ್ದಾನೆ. ಸಂತೆಯಲ್ಲಿ ಹೆಂಗಸರು ಹಣ್ಣು, ತರಕಾರಿ ಮಾರುತ್ತಿದ್ದಾರೆ. ಔಷಧಿ ಅಂಗಡಿಯಲ್ಲಿ ಹರಿದ ಬಟ್ಟೆಯ ಆಳೊಬ್ಬ ಒರಳಲ್ಲಿ ಕುಟ್ಟುತ್ತಿದ್ದಾನೆ. ಕಾವಲು ಮನೆಯಲ್ಲಿ ಸೈನಿಕರು ಜೂಜಾಡುತ್ತಿದ್ದಾರೆ. ಇನ್ನೊಂದರಲ್ಲಿ ಗುಂಡನೆಯ ಚೀಸ್ ಪೇರಿಸಿಟ್ಟಿದ್ದಾರೆ. ಇದು ಈ ಕಣಿವೆಯ ಫೊಂತೀನಾ ಚೀಸ್‌ನ ಅತಿ ಹಳೆಯ ಚಿತ್ರ ಅಂತ ಇಲ್ಲಿನವರಿಗೆ ಹೆಮ್ಮೆ. ಅವ್ವ ಒರಳಿನವನ ಮುಂದೆ ತುಂಬಾ ಹೊತ್ತು ನಿಂತಿದ್ದಳು. "ಪಾಪ, ಅವನ ತೋಳು ನೋಡು" ಅಂದಳು.

ದೊನ್ನಾಸ್‌ನ ಕೊರಕಲು ನೋಡಿಯೇ ಬಂದಿದ್ದರಿಂದ ನನಗನ್ನಿಸಿದ್ದು, ಆ ಬಂಡಿಗಳಲ್ಲಿ ಬಂದ ಜನರೂ ಸರಕೂ ಇಲ್ಲಿ ಗೋಡೆಯ ಮೇಲೆ ಸಿಕ್ಕವಲ್ಲ ಅಂತ. ಇಸ್ಸೋನ್ಯವನ್ನು ಉಳಿಸಿದ್ದು ವಿತ್ತೋರಿಯೊ ಅವೊಂದೊ ಎಂಬ ಚಿತ್ರಕಾರ. 1872ರಲ್ಲಿ ಸ್ವಂತ ದುಡ್ಡಿನಿಂದ ಕೊಂಡು, ರಿಪೇರಿ ಮಾಡಿಸಿ, 1907ರಲ್ಲಿ ಸರ್ಕಾರಕ್ಕೆ ಕೊಟ್ಟುಬಿಟ್ಟ. ಅಂಥವರನ್ನು ನೆನೆಯಬೇಕು.

ಹಾಗಾದರೆ ಫೆನಿಸ್ ಬೇಡವೇ ಅಂತ ಕೇಳುತ್ತೀರಿ. ಎಲ್ಲರ ಫೋನಿನಲ್ಲೂ ಇರುವ, ಗೋಪುರಗಳ ಕೋಟೆ ಅದೇ. ಖಂಡಿತ ನೋಡಿ, ಆದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಒಂದು ಕಾಲಕ್ಕೆ ಅದನ್ನು ದನದ ಕೊಟ್ಟಿಗೆ, ಹುಲ್ಲಿನ ಕಣಜ ಮಾಡಿಕೊಂಡಿದ್ದರು. 1895ರಲ್ಲಿ ಕೈ ಬದಲಾಗಿ ರಿಪೇರಿ ಶುರುವಾದ ಮೇಲೆ ಜೀವ ಬಂತು. ನಮ್ಮವರ ಟೂರ್ ಪ್ಯಾಕೇಜುಗಳಲ್ಲಿ ಅದಕ್ಕೆ ಒಂದು ಗಂಟೆ ಕೊಟ್ಟು, ಕೂಡಲೇ ಬಸ್ ಹತ್ತಿಸುತ್ತಾರೆ. ಆ ಜಾಗಕ್ಕೂ ಅನ್ಯಾಯ, ಬಂದವರಿಗೂ ಅನ್ಯಾಯ.

ಎಲ್ಲ ಕೋಟೆಯನ್ನೂ ಮತ್ತೆ ಕಟ್ಟಬೇಕು ಅಂತಲೂ ನಾನು ಹೇಳುವುದಿಲ್ಲ. ವೆರ್ರೆಸ್‌ನಿಂದ ಆವೋಸ್ತಾ ಕಡೆ ಹೋಗುವಾಗ ಕಣಿವೆ ಇನ್ನೊಮ್ಮೆ ಇಕ್ಕಟ್ಟಾಗುತ್ತದೆ. ಅಲ್ಲಿ ಬಂಡೆಯ ನೆತ್ತಿಯ ಮೇಲೆ ಮೊಂಜೊವೆಯ ಹಾಳು ಕೋಟೆ. ಒಂದು ಗೋಪುರ, ಮುರಿದ ಗೋಡೆಗಳು, ನಡುವೆ ಆಕಾಶ. ಯುದ್ಧದಲ್ಲಿ ಬಿದ್ದದ್ದಲ್ಲ. 1661ರಲ್ಲಿ ಆಗ ಈ ಕಣಿವೆಯನ್ನು ಆಳುತ್ತಿದ್ದ ಸವಾಯ್ ದೊರೆ ಮೊಂಜೊವೆ ಮತ್ತು ವೆರ್ರೆಸ್‌ನ ಆಯುಧಗಳನ್ನೆಲ್ಲ ಬಾರ್ಡ್‌ಗೆ ಸಾಗಿಸಲು ಹೇಳಿದ. ದಾರಿ ಕಾಯಲು ಒಂದೇ ಕೋಟೆ ಸಾಕು ಅಂತ ಆಯಿತು. ಕಾಯುವ ಕೆಲಸ ಹೋದ ಮೇಲೆ ಮೊಂಜೊವೆ ಸುಮ್ನೆ ಉದುರುತ್ತಾ ಬಂತು. ಅದು ಹಾಗೇ ಇರಲಿ. ಅದರ ಕಥೆಗೆ ಆ ಮುರಿದ ಗೋಡೆಯೇ ಸರಿ.

ಬಸ್ಸಿನಿಂದ ಅದನ್ನು ಅವ್ವನಿಗೆ ತೋರಿಸಿದೆ. ಎಷ್ಟು ಹಳೆಯದು, ಯಾರು ಕಟ್ಟಿಸಿದ್ದು ಅಂತ ಹೇಳೋಣ ಅಂದುಕೊಂಡೆ. ಅವಳು ಕಿಟಕಿಗೆ ಹಣೆ ಹಚ್ಚಿ ಬೆಟ್ಟದ ಬುಡದಲ್ಲಿ ಏನೋ ಹುಡುಕುತ್ತಿದ್ದಳು.

"ಅದರ ಕೆಳಗ ದಾರಿ ಎಲ್ಲಿ ಹಾಯ್ತಿತ್ತೋ?" ಅಂದಳು.