ಸೆಟ್ ಕೈಗೆ ಬಂದ ಕೂಡಲೇ ಕಿವಿ ಮುಚ್ಚಿಹೋಗುತ್ತದಾ?

ನಿನ್ನೆ ನಮ್ಮ ಕಡೆಯ ತೇರಿಗೆ ಹೋಗಿದ್ದೆ. ತೇರು ಚೆನ್ನಾಗಿ ಸಾಗಿತು, ಜನ ಚೆನ್ನಾಗಿ ಸೇರಿದ್ದರು. ತಲೆ ಕೆಟ್ಟಿದ್ದು ಮಾತ್ರ ವಾಕಿಟಾಕಿಯಿಂದ.

ಈ ಸಲ ಸ್ವಯಂಸೇವಕರಿಗೆಲ್ಲ ಬಾಡಿಗೆ ಸೆಟ್ ತರಿಸಿ ಕೊಟ್ಟಿದ್ದರು. ಒಳ್ಳೆಯ ಕೆಲಸವೇ. ನಾನು ಪ್ರಥಮ ಚಿಕಿತ್ಸೆಯ ಶಾಮಿಯಾನದ ಪಕ್ಕ ನೆರಳಿಗೆ ನಿಂತಿದ್ದೆ. ಅಲ್ಲಿದ್ದ ಹುಡುಗನ ಸೆಟ್ ಜೋರಾಗಿ ಬಡಬಡಿಸುತ್ತಿತ್ತು. "ಹಲೋ, ಹಲೋ, ಶಿವಣ್ಣ, ಎಲ್ಲಿದೀಯಪ್ಪಾ?" "ಹಲೋ, ಪಾನಕ ಇನ್ನೊಂದು ಡ್ರಮ್ ಕಳಿಸ್ರೋ." "ಹಲೋ, ನನ್ನ ಮಾತು ಕೇಳಿಸ್ತಾ ಇದ್ಯಾ?" ನನ್ನ ಹ್ಯಾಮ್ ಹುಚ್ಚು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹುಚ್ಚು, ನಿಮಗೆಲ್ಲ ಗೊತ್ತೇ ಇದೆ. ಹಲ್ಲು ಕಚ್ಚಿಕೊಂಡು ಸುಮ್ನೆ ನಿಂತೆ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಿಸಿಲಿಗೆ ಕುಸಿದುಬಿದ್ದರು. ಮೂರನೇ ಗೇಟಿನ ಹತ್ತಿರ. ಅಲ್ಲಿದ್ದವನು ಗುಂಡಿ ಒತ್ತುವ ಮೊದಲೇ ಮಾತು ಶುರು ಮಾಡಿದ. "ಮೂರು" ಅಂದಿದ್ದರ ತಲೆ ಹಾರಿ ಈ ಕಡೆಯವರಿಗೆ ಕೇಳಿಸಿದ್ದು "ಆರು". ಆಂಬುಲೆನ್ಸ್ ಆರನೇ ಗೇಟಿಗೆ ಹೊರಟಿತು. ಆಮೇಲೆ ನಡೆದ ಮಾತುಕತೆ ಇದು, ನಾನು ಒಂದಕ್ಷರ ಸೇರಿಸಿಲ್ಲ:

"ಹಲೋ, ಯಾರು?"
"ಆರಲ್ಲ ಸಾರ್, ಮೂರು!"
"ಹಾಂ, ಯಾರೂಂತ ಕೇಳ್ದೆ!"
"ಆರಲ್ಲ ಅಂತ ಹೇಳ್ತಾ ಇದೀನಲ್ಲ ಸಾರ್!"

ನಗು ಬರುತ್ತದೆ, ಅಲ್ವಾ? ನನಗೂ ಬಂತು. ಆಮೇಲೆ ಮೈ ಉರಿಯಿತು. ಅಜ್ಜಿ ಓಆರ್‌ಎಸ್ ಕುಡಿದು ಎದ್ದು ಕೂತರು, ಪುಣ್ಯ. ಹೃದಯಾಘಾತವೇ ಆಗಿದ್ದರೆ?

ವಾಕಿಟಾಕಿ ಫೋನ್ ಅಲ್ಲ ಕಣ್ರೀ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಜಗಳವೂ ಆಡಬಹುದು. ಇದು ಒಂದೇ ಗಾಡಿ ಹಿಡಿಸುವ ಕಿರುಸೇತುವೆ. ನೀವು ಗುಂಡಿ ಅದುಮಿಕೊಂಡಿರುವಷ್ಟು ಹೊತ್ತು ನಿಮ್ಮ ಸೆಟ್‌ಗೆ ಏನೂ ಕೇಳಿಸುವುದಿಲ್ಲ. ಆ ಚಾನೆಲ್‌ನಲ್ಲಿ ಇರುವ ಬೇರೆ ಯಾರೂ ಮಾತಾಡುವಂತಿಲ್ಲ. ಒಬ್ಬನ ಪಾನಕದ ಡ್ರಮ್ಮಿಗಾಗಿ ಉಳಿದ ಎಲ್ಲರ ಬಾಯಿ ಕಟ್ಟಿಹೋಗಿರುತ್ತದೆ. ಅದಕ್ಕೇ ಮೊದಲು ಕೇಳಬೇಕು. ಚಾನೆಲ್ ಖಾಲಿ ಇದೆಯಾ, ಯಾರಾದರೂ ಉತ್ತರಕ್ಕೆ ಕಾಯುತ್ತಿದ್ದಾರಾ ಅಂತ. ಸೆಟ್ ಕೈಗೆ ಬಂದವರು ಮೊದಲು ಬಿಡುವುದೇ ಇದನ್ನು.

ಕೇಳಿದ ಮೇಲೆ ಗುಂಡಿ ಒತ್ತಿ. ಒತ್ತಿ, ಮನಸ್ಸಿನಲ್ಲಿ "ಒಂದು" ಅಂದುಕೊಂಡು ಆಮೇಲೆ ಬಾಯಿ ತೆಗೆಯಿರಿ. ಸಿಗ್ನಲ್ ಹೊರಟು, ಮಧ್ಯೆ ರಿಪೀಟರ್ (ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ಯಂತ್ರ) ಇದ್ದರೆ ಅದು ಎದ್ದು, ಆ ಕಡೆಯ ಸೆಟ್ ಬಾಯಿ ಬಿಡುವಷ್ಟರಲ್ಲಿ ಒಂದು ಕ್ಷಣ ಹೋಗುತ್ತದೆ. ನಿಮ್ಮ ಮೊದಲ ಅಕ್ಷರ ಹೋಗುವುದು ಅಲ್ಲೇ. ಕನ್ನಡದಲ್ಲಿ ಮೊದಲ ಅಕ್ಷರ ಹೋದರೆ ಮೂರು, ಆರು, ನೂರು, ಯಾರು ಎಲ್ಲ ಒಂದೇ. ಇಪ್ಪತ್ತು, ಎಪ್ಪತ್ತು ಹೇಗೂ ಅಣ್ಣತಮ್ಮಂದಿರು. ಅಂಕಿ ಬಿಡಿಬಿಡಿಯಾಗಿ ಹೇಳಿ. "ಏಳು, ಸೊನ್ನೆ". ಬಿ, ಡಿ, ಪಿ ಅನ್ನಬೇಡಿ, ಎಲ್ಲ ಒಂದೇ ಥರ ಕೇಳಿಸುತ್ತವೆ. ಬ್ರಾವೋ, ಡೆಲ್ಟಾ, ಪಾಪಾ ಅನ್ನಿ. ಬೇಡವಾದರೆ ಬಸವ, ದಾವಣಗೆರೆ ಅಂತಾದರೂ ಎಲ್ಲರೂ ಮೊದಲೇ ಒಪ್ಪಿಕೊಳ್ಳಿ.

ಇನ್ನೊಂದು ಅಪಾಯ ಬಾಲದಲ್ಲಿದೆ. ನಮ್ಮ ವಾಕ್ಯದಲ್ಲಿ ಬೇಕೋ ಬೇಡವೋ ಗೊತ್ತಾಗುವುದೇ ಕೊನೆಗೆ. "ಗಾಡಿಗಳನ್ನು ಈ ಕಡೆ ಬಿಡಬೇಡಿ" ಅನ್ನುವಾಗ ಅವಸರದಲ್ಲಿ ಗುಂಡಿ ಬಿಟ್ಟರೆ ಆ ಕಡೆ ತಲುಪುವುದು "ಈ ಕಡೆ ಬಿಡ". ಕೇಳಿದವನು ಉಳಿದದ್ದನ್ನು ತನಗೆ ತೋಚಿದಂತೆ ತುಂಬಿಕೊಳ್ಳುತ್ತಾನೆ. ಅದಕ್ಕೆ "ನಿಲ್ಲಿಸಿ" ಮೊದಲು. "ನಿಲ್ಲಿಸಿ, ಗಾಡಿ ನಿಲ್ಲಿಸಿ, ಗೇಟ್ ಮೂರು." ಕೇಳಿದವನು ಅದನ್ನೇ ತಿರುಗಿ ಹೇಳಬೇಕು. "ಸರಿ ಸರಿ", "ಆಯ್ತಾಯ್ತು" ಅಂದರೆ ಏನು ಸರಿ, ಏನಾಯ್ತು?

ಈ "ಸರಿ ಸರಿ" ಎಷ್ಟು ಜೀವ ತಿಂದಿದೆ ಗೊತ್ತಾ? 1977ರ ಮಾರ್ಚ್ 27. ಕೆನರಿ ದ್ವೀಪಗಳ ಟೆನೆರಿಫೆ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದೇ ರನ್‌ವೇಯಲ್ಲಿ ಎರಡು ದೈತ್ಯ 747 ವಿಮಾನಗಳು, ಒಂದು ಕೆಎಲ್ಎಂ, ಇನ್ನೊಂದು ಪ್ಯಾನ್ ಆಮ್. ಅನುಮತಿ ಇಲ್ಲದೆಯೇ ಕೆಎಲ್ಎಂ ಹೊರಟಿತು, ಹೊರಟಿದ್ದೇವೆ ಅನ್ನುವ ಅರ್ಥದ ಗೊಂದಲದ ಮಾತನ್ನೂ ಆಡಿತು. ಅನುಮತಿ ಕೊಡಬೇಕಾದ ಟವರ್‌ನವರು ಮೊದಲು "ಓಕೆ" ಅಂದರು. ಆಮೇಲೆ, ಕಾಯಿರಿ, ನಾನು ಕರೆಯುತ್ತೇನೆ ಅಂದರು. ಸರಿಯಾಗಿ ಅದೇ ಗಳಿಗೆಯಲ್ಲಿ ಪ್ಯಾನ್ ಆಮ್‌ನವರು, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದರು. ಎರಡು ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಕಾಕ್‌ಪಿಟ್‌ಗೆ ಚೆನ್ನಾಗಿ ಕೇಳಿಸಿದ್ದು "ಓಕೆ" ಒಂದೇ. ಉಳಿದದ್ದರ ಮೇಲೆ ಕುಂಯ್ ಅನ್ನುವ ಶಿಳ್ಳೆ. ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಎರಡು ಎಚ್ಚರಿಕೆಯ ಮಾತುಗಳಲ್ಲಿ ಯಾವುದೊಂದು ಬಿಡಿಯಾಗಿ ಕೇಳಿಸಿದ್ದರೂ ಸಾಕಿತ್ತು. ಆ ಮೇಲೆ ವಿಮಾನಯಾನದವರು ಮಾತಿನ ಕಟ್ಟುಪಾಡು ಬಿಗಿ ಮಾಡಿದರು. ಇವತ್ತಿಗೂ ಟೇಕ್‌ಆಫ್ ಅನ್ನುವ ಶಬ್ದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟರೆ ಟವರ್‌ನವರು ಬಳಸುವಂತಿಲ್ಲ.

"ಅಲ್ಲಾ ಸಾರ್, ಈಗೆಲ್ಲ ವಾಟ್ಸಾಪ್ ಗ್ರೂಪ್ ಇದೆಯಲ್ಲ" ಅಂತ ಒಬ್ಬ ಪರಿಚಿತರು ನಿನ್ನೆಯೇ ಉಪದೇಶ ಮಾಡಿದರು. ಇದೆ ಸ್ವಾಮಿ. ಲಕ್ಷ ಜನ ಒಂದೇ ಬಯಲಿನಲ್ಲಿ ಸೇರಿ ಎಲ್ಲರೂ ತೇರಿನ ವಿಡಿಯೋ ಕಳಿಸುವಾಗ ಆ ಗ್ರೂಪಿನ ಗೋಲ ಸುತ್ತುತ್ತಲೇ ಇರುತ್ತದೆ. ಇನ್ನು ಪ್ರಳಯವೇ ಆದರೆ? 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಹ್ಯಾಮ್ ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಬಂತು, ಫೋನ್ ಸತ್ತವು. ಬದುಕಿದವರ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದ್ದು ಅವರ ರೇಡಿಯೋ. 2024ರಲ್ಲಿ ನಮ್ಮ ಪಕ್ಕದ ವಯನಾಡಿನಲ್ಲಿ ಗುಡ್ಡ ಜಾರಿದಾಗಲೂ ಹ್ಯಾಮ್‌ಗಳು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಸೆಟ್ ಹೂಡಿ ಕೂತಿದ್ದರು. ಅಲ್ಲಿ ಯಾರೂ "ಹಲೋ ಶಿವಣ್ಣ" ಅಂತಿರಲಿಲ್ಲ ಅಂತ ಬಾಜಿ ಕಟ್ಟುತ್ತೇನೆ.

"ಜೀವ ಹೋಗುವಾಗ ನಿಯಮ ಯಾರಿಗೆ ನೆನಪಿರುತ್ತೆ?" ಅನ್ನುವವರೂ ಇದ್ದಾರೆ. ನೆನಪಿರುವುದಿಲ್ಲ, ಒಪ್ಪಿದೆ. ಕೈಗೆ ಅಭ್ಯಾಸ ಇದ್ದರೆ ನೆನಪು ಬೇಕಾಗುವುದೂ ಇಲ್ಲ. ನ್ಯೂಯಾರ್ಕಿನ ಅವಳಿ ಗೋಪುರದಲ್ಲಿ ಅಗ್ನಿಶಾಮಕದವರಿಗಾಗಿಯೇ ರಿಪೀಟರ್ ಇತ್ತು. 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಅದರ ಮುಖ್ಯ ಹ್ಯಾಂಡ್‌ಸೆಟ್‌ನಲ್ಲಿ ಎರಡನೇ ಗುಂಡಿಯೊಂದನ್ನು ಒತ್ತಿರಲಿಲ್ಲ. ಉತ್ತರ ಗೋಪುರದಲ್ಲಿದ್ದ ಅಗ್ನಿಶಾಮಕ ಮುಖ್ಯಸ್ಥರು ಪರೀಕ್ಷೆ ಮಾಡಿ, ಇದು ಕೆಟ್ಟಿದೆ ಅಂದುಕೊಂಡು ಕೈಬಿಟ್ಟರು. ಅವತ್ತು 343 ಅಗ್ನಿಶಾಮಕ ಸಿಬ್ಬಂದಿ ಹೋದರು. ಎಲ್ಲಕ್ಕೂ ಆ ಗುಂಡಿಯೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಹೊರಗೆ ಬನ್ನಿ ಅನ್ನುವ ಆದೇಶ ಉತ್ತರ ಗೋಪುರದಲ್ಲಿದ್ದ ಎಷ್ಟೋ ಜನರ ಕಿವಿಗೆ ಬೀಳಲೇ ಇಲ್ಲ. ಅವರು ತರಬೇತಿ ಪಡೆದವರು. ನಾವು ಬೆಳಗ್ಗೆ ಬಾಡಿಗೆಗೆ ತಂದ ಸೆಟ್ಟನ್ನು ಆಗಲೇ ಹುಡುಗರ ಕೈಗಿಟ್ಟು, ಇದನ್ನು ಒತ್ತಿ ಮಾತಾಡು ಮರಿ ಅಂತೀವಿ.

ಇನ್ನೊಂದು ಗುಂಪಿದೆ, ಸಿನಿಮಾ ನೋಡಿ ಕಲಿತವರು. "ರೋಜರ್ ದಟ್, ಓವರ್ ಅಂಡ್ ಔಟ್!" ಓವರ್ ಅಂದರೆ ನನ್ನದು ಮುಗೀತು, ನೀನು ಹೇಳು. ಔಟ್ ಅಂದರೆ ಮಾತೇ ಮುಗೀತು. ಎರಡೂ ಒಟ್ಟಿಗೆ ಅಂದರೆ ಹೇಳು ಅಂತಲೋ ಬಾಯಿ ಮುಚ್ಚು ಅಂತಲೋ? ಸ್ಟೈಲ್ ಬೇಡ, ಸಾದಾ ಮಾತು ಸಾಕು. ಯಾರಿಗೆ, ಯಾರಿಂದ, ಎಲ್ಲಿ, ಏನಾಗಿದೆ, ಏನು ಬೇಕು. "ಕಂಟ್ರೋಲ್, ಇದು ಗೇಟ್ ಮೂರು. ಗೇಟ್ ಮೂರರಲ್ಲಿ ಒಬ್ಬರಿಗೆ ಪ್ರಜ್ಞೆ ತಪ್ಪಿದೆ. ಆಂಬುಲೆನ್ಸ್ ಬೇಕು. ಓವರ್." ಅಷ್ಟೇ. ಕಿರುಚಬೇಡಿ, ಕಿರುಚಿದರೆ ಮಾತು ಒಡೆಯುತ್ತದೆ. ಅಜ್ಜಿಯ ಹೆಸರು, ಊರು, ಶುಗರ್ ಎಷ್ಟು, ಯಾವ ಮಾತ್ರೆ, ಇದೆಲ್ಲ ಗಾಳಿಗೆ ಹಾಕಬೇಡಿ. ನಿನ್ನೆ ಅದನ್ನೂ ಹಾಕಿದರು. ಪಾಪ, ಆಕೆಯ ಮೂತ್ರದ ತೊಂದರೆ ಇಡೀ ಜಾತ್ರೆಗೆ ಗೊತ್ತಾಯಿತು.

ಸರಿ, ನಿಜ ಹೇಳಿಬಿಡುತ್ತೇನೆ. ಈ ಸಿಟ್ಟಿನಲ್ಲಿ ಅರ್ಧ ಅಸೂಯೆ. ತೇರಿಗೆ ಮೊದಲೇ ನಾನು ಹೋಗಿ, ಅರ್ಧ ದಿನ ಹುಡುಗರನ್ನು ಕೂರಿಸಿ ಕಲಿಸಿಕೊಡ್ತೀನಿ ಅಂದಿದ್ದೆ. "ಅದೆಲ್ಲಾ ನಮ್ ಹುಡುಗ್ರಿಗೆ ಗೊತ್ತು ಸಾರ್, ನೀವು ಊಟಕ್ಕೆ ಬನ್ನಿ ಸಾಕು" ಅಂದರು. ಅವತ್ತಿನಿಂದ ಅದು ಚುಚ್ಚುತ್ತಲೇ ಇದೆ. ವಾಕಿಟಾಕಿ ಯಾರಿಗೆ ಬರಲ್ಲ ಹೇಳಿ, ಅಲ್ವಾ? ಆಟದ ಸಾಮಾನು. ಆನ್‌ಲೈನ್‌ನಲ್ಲಿ ಕಂಡಿದ್ದನ್ನು ತರಿಸುತ್ತಾರೆ, ಲೈಸೆನ್ಸ್ ಬೇಕಾ ಅಂತಲೂ ಕೇಳುವುದಿಲ್ಲ. 446 ಮೆಗಾಹರ್ಟ್ಸ್ ಹತ್ತಿರದ ಸಣ್ಣ ರೇಡಿಯೋ ಪಟ್ಟಿಯಲ್ಲಿ ನಡೆಯುವ ಕಡಿಮೆ ಶಕ್ತಿಯ ಸೆಟ್‌ಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಉಳಿದ ವಾಕಿಟಾಕಿಗೆ ಬೇಕು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಈಗಲೂ ಬಾಗಿಲು ತೆರೆದೇ ಇದೆ. ಮುಂದಿನ ಜಾತ್ರೆ, ಮ್ಯಾರಥಾನ್, ಗಣೇಶನ ಮೆರವಣಿಗೆ, ಯಾರದ್ದಾದರೂ ಸರಿ, ಮೆಸೇಜ್ ಮಾಡಿ. ಭಾನುವಾರ ಬೆಳಗ್ಗೆ ನನಗೆ ಬಿಡುವು. ದುಡ್ಡು ಬೇಡ. ಸೆಟ್‌ಗಳನ್ನು ಹಿಂದಿನ ರಾತ್ರಿಯೇ ಚಾರ್ಜ್‌ಗೆ ಹಾಕಿರಬೇಕು, ಹುಡುಗರು ಮೊಬೈಲ್ ಒಳಗಿಡಬೇಕು. ಮೊದಲ ಒಂದು ಗಂಟೆ ಯಾರೂ ಗುಂಡಿ ಮುಟ್ಟುವಂತಿಲ್ಲ, ಬರೀ ಕೇಳುವುದು. ಆಂಟೆನಾ ಹಿಡಿದು ಸೆಟ್ ತಿರುಗಿಸುತ್ತಾ ಬರುವವರನ್ನು ಮಾತ್ರ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ, ಈಗಲೇ ಹೇಳಿದ್ದೇನೆ.