ಫಿಟ್ ಟು ಪೇಜ್ ಅಣ್ಣ

25 ಮಿಲಿಮೀಟರ್ ಅಂದರೆ 25 ಮಿಲಿಮೀಟರ್. ಇದರಲ್ಲಿ ಚೌಕಾಸಿಗೆ ಏನಿದೆ ಮಾರಾಯ್ರೆ? ಪುಟಾಣಿ ಬೊಂಬೆಗಳ ಸೈನ್ಯ ಕಟ್ಟಿ ಮೇಜಿನ ಮೇಲೆ ಯುದ್ಧ ಆಡುವವರು 'ಗಾಯ', 'ಹೊಗೆ', 'ಮೂರ್ಛೆ' ಎಂದೆಲ್ಲ ಬೊಂಬೆಯ ಸ್ಥಿತಿ ತೋರಿಸುವ ದುಂಡು ಬಿಲ್ಲೆ ಬರೆದು, ವ್ಯಾಸ ಸರಿಯಾಗಿ 25 ಇಟ್ಟು, ಪೆನ್ ಡ್ರೈವ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾರೆ. ಹೊರಗೆ ಬರುವುದು 23.5. ರಟ್ಟಿನ ಬಿಲ್ಲೆಗೆ ಅಂಟಿಸಿದರೆ ಸುತ್ತ ಬೋಳು ಅಂಚು. ಅದನ್ನಾದರೂ ಸಹಿಸಬಹುದು. ಬೊಂಬೆಯ ನಡಿಗೆ ಅಳೆಯಲೆಂದು ಅದೇ ಹಾಳೆಯ ಅಂಚಿನಲ್ಲಿ ಬರೆದ 6 ಇಂಚಿನ ಅಳತೆಪಟ್ಟಿ 5.64 ಇಂಚಾಗಿರುತ್ತದೆ. ಒಬ್ಬ ಆ ಪಟ್ಟಿ ಹಿಡಿದು, ಇನ್ನೊಬ್ಬ ಅಂಗಡಿ ಟೇಪ್ ಹಿಡಿದು ಆಡಲು ಕೂತರೆ ಯುದ್ಧ ಮೇಜಿನ ಮೇಲೆ ಮಾತ್ರ ನಡೆಯುವುದಿಲ್ಲ.

ಕಾರಣ ಸರಳ. ಬಿಲ್ಲೆ ಬರೆಯುವುದು ಸಾಮಾನ್ಯವಾಗಿ ಅಮೆರಿಕದಿಂದ ಬರುವ ಮಾದರಿ ಹಾಳೆಗಳ ಮೇಲೆ. ಅವು ಹೆಚ್ಚಾಗಿ 'ಲೆಟರ್' ಎಂಬ ಅಲ್ಲಿನ ಕಾಗದದ ಅಳತೆಯವು, ಅಗಲ 215.9 ಮಿ.ಮೀ. ನಮ್ಮ ಎ4 ಅಗಲ 210. ಅದರಲ್ಲೂ ಪ್ರಿಂಟರ್ ಎರಡು ಬದಿಗೆ ನಾಲ್ಕು ನಾಲ್ಕು ಮಿಲಿಮೀಟರ್ ತನಗೆಂದು ಬಿಟ್ಟುಕೊಳ್ಳುತ್ತದೆ. ಪ್ರಿಂಟ್ ಕೊಡುವಾಗ ಕಂಪ್ಯೂಟರಿನಲ್ಲಿ 'ಫಿಟ್' ಎಂಬಲ್ಲಿ ಚುಕ್ಕೆ ಇದ್ದರೆ ಇಡೀ ಪುಟ ನೂರಕ್ಕೆ 94ರ ಆಸುಪಾಸಿಗೆ ಕುಗ್ಗುತ್ತದೆ. 'ಆಕ್ಚುವಲ್ ಸೈಜ್' ಒತ್ತಿದರೆ ಮುಗಿಯಿತು. ಒತ್ತಬೇಕಾದವರು ಅಂಗಡಿಯ ಅಣ್ಣ.

"ಅಣ್ಣಾ, ಆಕ್ಚುವಲ್ ಸೈಜ್ ಹಾಕಿ."

"ಅದನ್ನೇ ಹಾಕಿದ್ದು ಸಾರ್. ನೋಡಿ, ಎಷ್ಟು ನೀಟಾಗಿ ಕೂತಿದೆ ಪೇಜಲ್ಲಿ!"

ಸ್ಕೇಲ್ ಇಟ್ಟು ತೋರಿಸಿದರೆ ಅಣ್ಣ ಸ್ಕೇಲನ್ನೇ ಅನುಮಾನದಿಂದ ನೋಡುತ್ತಾರೆ. "ಒಂದೂವರೆ ಮಿಲಿಮೀಟರ್ ಅಲ್ವಾ ಸಾರ್, ಕಟ್ ಮಾಡುವಾಗ ಅಡ್ಜಸ್ಟ್ ಆಗುತ್ತೆ." ಕುಗ್ಗಿದ್ದು ಕತ್ತರಿಯಲ್ಲಿ ಹಿಗ್ಗುವುದು ಹೇಗೆಂದು ಕೇಳುವಷ್ಟರಲ್ಲಿ ಹಿಂದೆ ಪಹಣಿ ಹಿಡಿದವರ ಸಾಲು ಗೊಣಗತೊಡಗುತ್ತದೆ. ಅಣ್ಣನಿಗೆ ಸಾಲಿಗಿಂತ ಕುತೂಹಲ ದೊಡ್ಡದು. "ಇದು ಬಿ.ಎಡ್ ಪ್ರಾಜೆಕ್ಟಾ ಸಾರ್?" ಅಲ್ಲ. "ಅಂಗನವಾಡಿ ಚಾರ್ಟಾ?" ಅಲ್ಲ. "ಮತ್ತೆ ಈ ತಲೆಬುರುಡೆ ಯಾಕೆ?" ಅದು 'ಸತ್ತ' ಗುರುತು ಅಂದರೆ ಸಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕೊನೆಗೆ ಅಕ್ಕರೆಯಿಂದ, "ಲ್ಯಾಮಿನೇಷನ್ ಮಾಡಿಸಿಬಿಡಿ ಸಾರ್, ಮಳೆಗೆ ಏನೂ ಆಗಲ್ಲ." ಆಗುತ್ತದೆ. ಲ್ಯಾಮಿನೇಷನ್ ಕಾಯುವುದು ಅಂಚು ಮುಚ್ಚಿರುವವರೆಗೆ. ದುಂಡಗೆ ಕತ್ತರಿಸಿದ ಮೇಲೆ ಸುತ್ತಲೂ ಬಾಗಿಲು ತೆರೆದ ಹಾಗೆಯೇ, ತೇವ ಒಳಗೆ ಸೇರಿ ಪದರ ಬಿಡುತ್ತದೆ.

ಅಣ್ಣನ ತಪ್ಪೂ ಅಲ್ಲ ಅನ್ನಿ. ದಿನವಿಡೀ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ. ಅಂಚಿನ ಒಂದು ಅಕ್ಷರ ಹಾರಿದರೂ ಕಚೇರಿಯವರು ವಾಪಸ್ ಕಳಿಸುತ್ತಾರೆ. ಆ ಚುಕ್ಕೆಯಿಂದಲೇ ಅರ್ಧ ಊರಿನ ಕೆಲಸ ಸಾಗುತ್ತಿದೆ.

ಹಾಗಂತ ಜಾಣತನ ಮಾಡಿ ವೃತ್ತವನ್ನು 26.6ಕ್ಕೆ ಹಿಗ್ಗಿಸಿಕೊಂಡು ಹೋಗಬೇಡಿ. ಅವತ್ತೇ ಅಣ್ಣ ಮದುವೆಗೆ ಹೋಗಿ ಅವರ ತಮ್ಮ ಕೂತಿರುತ್ತಾನೆ. ಹೇಳದೆಯೇ ಆಕ್ಚುವಲ್ ಸೈಜ್ ಹಾಕುತ್ತಾನೆ. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಡಿ, ಮೊದಲು ಒಂದೇ ಪುಟ ತೆಗೆಸಿ, ಗೆರೆ ಅಳೆದು, ಆಮೇಲೆ ಉಳಿದದ್ದು. ಸ್ಕೇಲ್ ಇಲ್ಲವೇ? 2011ರಲ್ಲಿ ಬಂದ ರೂಪಾಯಿ ಚಿಹ್ನೆಯ 2 ರೂಪಾಯಿ ನಾಣ್ಯ ಸರಿಯಾಗಿ 25 ಮಿ.ಮೀ. ವೃತ್ತದ ಮೇಲಿಡಿ. ಗೆರೆ ಪೂರ್ತಿ ಮುಚ್ಚಿಹೋದರೆ ಪುಟ ಕುಗ್ಗಿದೆ ಎಂದೇ ಅರ್ಥ. ಈಚಿನ 2 ರೂಪಾಯಿ ಚಿಕ್ಕದು, ಅದನ್ನು ನಂಬಬೇಡಿ.

ಇಷ್ಟಾದ ಮೇಲೆ ಮಳೆಯ ಸರದಿ. ಅಣ್ಣನ ಎದುರು ಆರಿದ್ರಾ ನಕ್ಷತ್ರದ ಮಳೆ ಎಷ್ಟೋ ಸಭ್ಯ. ಅದರ ನಡವಳಿಕೆಗಾದರೂ ಕಾರಣವಿದೆ, ಪರಿಹಾರವಿದೆ. ಫೆವಿಕಾಲ್ ನೀರಿನ ಅಂಟು. ಕಾಗದ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೂ ಜೊತೆಗೆ ಎಳೆಯುತ್ತದೆ, ಬಿಲ್ಲೆ ಕರಿದ ಹಪ್ಪಳದಂತೆ ಡೊಂಕಾಗುತ್ತದೆ. 2 ಮಿ.ಮೀ. ಬೈಂಡಿಂಗ್ ರಟ್ಟು ತಂದು, ಮುಂದೆ ಅಂಟಿಸಿದಂಥದೇ ಕಾಗದ ಹಿಂದೆಯೂ ಅಂಟಿಸಿ. ಎರಡು ಎಳೆತ ಒಂದನ್ನೊಂದು ತಡೆಯುತ್ತವೆ. ಅಂಟು ತೆಳುವಾಗಿರಲಿ. ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಹಲಗೆಯಡಿ ಇರಿಸಿ, ಮೇಲೆ ಭಾರ ಹೇರಿ ಎರಡು ರಾತ್ರಿ ಬಿಡಿ. ಅವಸರಕ್ಕೆ ಬಚ್ಚಲೊಲೆ ಹತ್ತಿರ ಇಟ್ಟರೆ ಬೆಂಕಿ ಕಡೆಯ ಮುಖ ಬೇಗ ಒಣಗಿ ಮತ್ತೆ ಡೊಂಕು.

ಒಣಗಿದ ಮೇಲೆಯೇ ಕತ್ತರಿಸುವುದು. ಕತ್ತರಿ ಬೇಡ, ಅಂಚು ಜಜ್ಜಿ ಪದರ ಬಿಚ್ಚುತ್ತದೆ. ಗ್ಯಾಸ್ಕೆಟ್ ಕತ್ತರಿಸುವ 25 ಮಿ.ಮೀ. ಪಂಚ್ ಇಟ್ಟು, ಅಡಿಗೆ ಮರದ ಕೊರಡು ಕೊಟ್ಟು, ಸುತ್ತಿಗೆಯಲ್ಲಿ ಒಂದೇ ಪೆಟ್ಟು. ಅಳುಕುತ್ತಾ ಎರಡು ಪೆಟ್ಟು ಹಾಕಿದರೆ ಅಂಚೂ ಎರಡು. ಮಳೆಗಾಲದಲ್ಲಿ ಬೇಗ ಹಿಡಿಯುವುದು ಫೆವಿಕ್ವಿಕ್ ಒಂದೇ, ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದರೆ ಸುತ್ತ ಬಿಳಿ ಮಂಜು ಬಿಡುತ್ತದೆ, ಬಿಲ್ಲೆಗಿಂತ ಮೊದಲು ಬೆರಳನ್ನು ಹಿಡಿಯುತ್ತದೆ.

ಚೌಕಾಬಾರಕ್ಕೆ ಯಾರು ಮಿಲಿಮೀಟರ್ ಕೇಳಿದ್ದರು? ಹುಣಸೆ ಬೀಜ, ಒಡೆದ ಬಳೆಯ ಚೂರು. ಹಸಿರು ಬಳೆ ಒಡೆದರೆ ಬೈಗುಳದ ಜೊತೆಗೆ ಒಂದು ಕಾಯಿ ಗಿಟ್ಟುತ್ತಿತ್ತು. ಯಾರ ಕೈಯ ಬಳೆ ಎಂಬುದು ಆಡುವವರಿಗೆಲ್ಲ ಗೊತ್ತಿರುತ್ತಿತ್ತು. ಈಗ ಕಾಯಿಯ ಅಳತೆ ಮಾತ್ರ ಗೊತ್ತು.

ಫೆವಿಕಾಲ್ ಉಳಿಸಲು ಮೈದಾ ಅಂಟು ಕಾಯಿಸುವವರಿಗೆ ಒಂದು ಮಾತು: ಮಲೆನಾಡಿನಲ್ಲಿ ಅದಕ್ಕೆ ವಾರದಲ್ಲೇ ಬೂಷ್ಟು. ಹಳೇ ಬೈಂಡಿಂಗ್‌ನವರು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ತೋಟದ ಮನೆಯಲ್ಲಿ ತುತ್ತಕ್ಕೆ ಬರವಿಲ್ಲ. ಆದರೆ ಅದು ವಿಷ, ಬಿಲ್ಲೆ ಬಾಯಿಗಿಡುವ ಮಕ್ಕಳಿದ್ದರೆ ಖಂಡಿತ ಬೇಡ. ಬೂಷ್ಟು ಬಂದರೆ ಬರಲಿ, ಅಂಥವನ್ನು ಬೇರೆ ಡಬ್ಬಿಗೆ ಹಾಕಿ 'ಸಾಂಕ್ರಾಮಿಕ ರೋಗ' ಎಂದು ಹೆಸರಿಟ್ಟು ಎದುರಾಳಿಯ ಬೊಂಬೆಗಳಿಗೆ ಹಂಚಿ.