ಕಿಡ್ನಿ ಹೋಗುತ್ತೆ ಅನ್ನೋ ಪಂಡಿತರಿಗೆ

ಅಮ್ಮಂಗೆ ಮಂಡಿ ರಿಪ್ಲೇಸ್‌ಮೆಂಟ್ ಆಪರೇಷನ್ ಆಗಿರೋದು ನಿಮಗೆಲ್ಲಾ ಗೊತ್ತಲ್ಲ, ಮನೆಗೆ ಬಂದಿದಾರೆ, ವಾಕರ್ ಹಿಡ್ಕೊಂಡು ಬಚ್ಚಲಿಗೆ ಹೋಗೋದೇ ಸದ್ಯಕ್ಕೆ ಕಾಶಿಯಾತ್ರೆ. ಇವತ್ತು ನೋಡೋಕೆ ಬಂದ ನಮ್ಮ ಸೋದರತ್ತೆ ಕಾಫಿ ಮುಗಿಸೋದ್ರೊಳಗೆ ಡಾಕ್ಟರ್ ಚೀಟಿ ಪೂರ್ತಿ ಓದಿ, "ಅಯ್ಯೋ ಅತ್ತಿಗೆ, ಇಷ್ಟೆಲ್ಲಾ ಪೇನ್‌ಕಿಲ್ಲರ್ ನುಂಗ್ಬೇಡಿ, ಕಿಡ್ನಿ ಹೋಗುತ್ತೆ, ಸ್ವಲ್ಪ ತಡ್ಕೊಳ್ಳಿ" ಅಂದ್ರು. ಸರಿ ಬಿಡಿ, ಕಾಳಜಿ. ಆಮೇಲೆ ವ್ಯಾನಿಟಿ ಬ್ಯಾಗಿಂದ ತಮ್ಮದೇ ಸ್ಟ್ರಿಪ್ ತೆಗೆದು "ತೀರಾ ನೋವಾದ್ರೆ ಇದನ್ನ ತಗೊಳ್ಳಿ, ನನ್ನ ಸೊಂಟಕ್ಕೆ ಇದೇ ರಾಮಬಾಣ" ಅಂತೆ. ನೋಡಿದ್ರೆ ಡೈಕ್ಲೋಫೆನಾಕ್, ಅದೂ ಪೇನ್‌ಕಿಲ್ಲರೇ!

ಬಿಪಿ ಮಾತ್ರೆ ತಗೊಳ್ಳೋ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಬಾರ್ಡರಲ್ಲಿರೋ ಅಮ್ಮನಂಥ 68 ವರ್ಷದೋರ ಕಿಡ್ನಿಗೆ ನಿಜವಾಗ್ಲೂ ಹೊಡೆತ ಕೊಡೋದು ಅದೇ ಜಾತಿ ಮಾತ್ರೆ ಕಣ್ರೀ. ಅದನ್ನ ತಪ್ಪಿಸೋಕೇ ಡಾಕ್ಟರ್ ಪ್ಯಾರಾಸಿಟಮಾಲು, ಟ್ರಮಡಾಲು ಬರೆದಿರೋದು!

ಎಲ್ಲರಿಗೂ ಬೇಕಾಗಿರೋದು ಒಂದೇ, ಯಾವುದು ಸ್ಟ್ರಾಂಗು? ಆದ್ರೆ ಒಂದೊಂದರ ಕೆಲಸ ಬೇರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೋರಿಕಾಕ್ಸಿಬ್ ಎಲ್ಲ ಊತ ಇಳಿಸ್ತವೆ, ಕಿಡ್ನಿ ಹೊಟ್ಟೆ ಸರಿ ಇರೋರಿಗೆ ಆಪರೇಷನ್ ಆದ್ಮೇಲೆ ಡಾಕ್ಟರೇ ಕೊಡ್ತಾರೆ. ಟ್ರಮಡಾಲ್ ಕೆಲಸ ಮಾಡೋದು ಮೆದುಳಲ್ಲಿ, ಊತಕ್ಕೂ ಅದಕ್ಕೂ ಸಂಬಂಧ ಇಲ್ಲ, ತಲೆಸುತ್ತು ವಾಂತಿ ಬೇರೆ, ರಾತ್ರಿ ಎದ್ದೋರು ಬೀಳದ ಹಾಗೆ ನೋಡ್ಕೋಬೇಕು. ಪ್ಯಾರಾಸಿಟಮಾಲ್ ಪಾಪದ್ದು ಅಂತ ಎಲ್ಲರಿಗೂ ತಾತ್ಸಾರ, ಆದ್ರೆ ಟೈಮ್ ಟೈಮಿಗೆ ಕೊಟ್ರೆ ಟ್ರಮಡಾಲ್ ಕಡಿಮೆ ಸಾಕಾಗುತ್ತೆ. ಅದೂ ಹೆಚ್ಚಾದ್ರೆ ಲಿವರ್‌ಗೆ ಅಪಾಯ, ದಿನಕ್ಕೆ 4 ಗ್ರಾಂ ದಾಟಲೇಬಾರದು. ಟ್ರಮಡಾಲ್ ಕಾಂಬಿನೇಷನ್ ಮಾತ್ರೆ ಒಳಗೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೂತಿರುತ್ತೆ, ಮೇಲಿಂದ ಡೋಲೋ 650 (ಅದೂ ಪ್ಯಾರಾಸಿಟಮಾಲೇ), ಮೇಲಿಂದ ಅತ್ತೆ ಪ್ರಸಾದ. ಲೆಕ್ಕ ಇಡೋರು ಯಾರು?

ಹಾಗಾದ್ರೆ ಕಿಡ್ನಿ ಭಯ ಸುಳ್ಳಾ ಅಂತ ಕೇಳ್ತೀರಿ. ಸುಳ್ಳಲ್ಲ. ಚೀಟಿ ಇಲ್ದೆ ವರ್ಷಗಟ್ಲೆ ಮೆಡಿಕಲ್ ಶಾಪಲ್ಲಿ ತಂದು ನುಂಗಿ ಕಿಡ್ನಿ ಕೆಡಿಸ್ಕೊಂಡೋರು ಇದಾರೆ. ಆದ್ರೆ ಆ ಭಯ ಬ್ಯಾಗ್ ಜಿಪ್ ಎಳೆಯುವಾಗ ಎಲ್ಲಿಗೆ ಹೋಗಿತ್ತು?

ಇನ್ನು ಈ "ತಡ್ಕೊಳ್ಳಿ". ಯಾಕೆ ತಡ್ಕೋಬೇಕು, ಮೆಡಲ್ ಕೊಡ್ತಾರಾ? ನೋವು ಹಿಡಿತದಲ್ಲಿದ್ರೆ ತಾನೇ ಮಂಡಿ ಮಡಚೋಕಾಗೋದು, ಈಗ ಮಡಚದಿದ್ರೆ ಬಿಗಿದ್ಕೊಂಡು ಕೂತುಬಿಡುತ್ತೆ, ಲಕ್ಷಗಟ್ಲೆ ಸುರಿದಿದ್ದು ದಂಡ. ಮೊನ್ನೆ ಫಿಸಿಯೋ ಮಂಡಿ ಮಡಚುವಾಗ ಅಮ್ಮ ಸೆರಗು ಕಚ್ಕೊಂಡಿದ್ರು. ನೋಡೋಕಾಗ್ದೆ ನಾನು ಹಾಲು ಉಕ್ತಿದೆ ಅಂತ ಸುಳ್ಳು ಹೇಳಿ ಅಡುಗೆಮನೆಗೆ ಓಡಿದೆ. ಇದಕ್ಕಿಂತ ಹೆಚ್ಚು ಇನ್ನೇನ್ರೀ ತಡ್ಕೊಳ್ಳೋದು?

ಟ್ರಮಡಾಲ್ ದೆಸೆಯಿಂದ ಅಮ್ಮಂಗೆ ಮಲಬದ್ಧತೆ ಶುರುವಾಗಿದೆ. ಭಾನುವಾರ ಬರೋರು ಪಪ್ಪಾಯ ತನ್ನಿ, ಹಣ್ಣಾಗಿರೋದು.